ಹಳೇ ಗುಟ್ಸಿ ಕೊಡೋದಿದೆ, ಗೊತ್ತಿದ್ದವರಿಗೆ ಮಾತ್ರ

ಪ್ರಶ್ನೆ: ಸರ್, ನನ್ನ ಹತ್ತಿರ 1977ರ ಮೋಟೋ ಗುಟ್ಸಿ 850 ಲೆ ಮಾನ್ ಅನ್ನೋ ಇಟಲಿಯ ಬೈಕು ಇದೆ. ತಂದಾಗ ಒಂದು ಫ್ರೇಮು, ಎರಡು ರಟ್ಟಿನ ಡಬ್ಬಿ ತುಂಬ ಪಾರ್ಟ್ಸು, ಅಷ್ಟೇ. ಆರು ವರ್ಷ ರಜೆ ದಿನವೆಲ್ಲ ಅದರ ಮುಂದೆ ಕೂತು ಗಾಡಿಯನ್ನು ಮತ್ತೆ ನಿಲ್ಲಿಸಿದ್ದೇನೆ. ಈಗ ಬೆನ್ನುನೋವು, ಅಷ್ಟು ಬಗ್ಗಿ ಓಡಿಸಲು ಆಗುತ್ತಿಲ್ಲ. ಇದರ ಹುಚ್ಚು ಇರುವವರಿಗೇ ಕೊಡಬೇಕು ಅಂತ ಆಸೆ. ಆದರೆ ಸಿಲಿಂಡರ್ ಎರಡೂ ಒಳಗಡೆ ನಿಕ್ಕಲ್ ಲೇಪ ಇರೋ ನಿಕಾಸಿಲ್‌ನ ಹೊಸವು, ಸೀಟು ಅಸಲಿ ಅಲ್ಲ, ಬಣ್ಣ ನಾನೇ ಹೊಡೆಸಿದ್ದು. ಇದನ್ನೆಲ್ಲ ಬಾಯಿಬಿಟ್ಟು ಹೇಳಿದರೆ ಬೆಲೆ ಬೀಳೋದಿಲ್ವಾ?
– ಹೆಸರು ಬೇಡ ಎಂದ ಓದುಗರು

ಉತ್ತರ: ನೀವು ಮುಚ್ಚಿಡಬೇಕು ಅಂದುಕೊಂಡಿರುವ ಮೊದಲನೇ ವಿಷಯವೇ ನಿಮ್ಮ ತುರುಪಿನ ಎಲೆ ಸ್ವಾಮಿ. ಆ ಕಾಲದ ಗುಟ್ಸಿಗಳ ಅಲ್ಯೂಮಿನಿಯಂ ಸಿಲಿಂಡರಿಗೆ ಒಳಗಡೆ ಕ್ರೋಮ್ ಲೇಪ ಇರುತ್ತಿತ್ತು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ಹಪ್ಪಳದ ಹಾಗೆ ಏಳುತ್ತದೆ, ಪುಡಿ ಆಯಿಲ್ ಜೊತೆ ಸೇರಿ ಬೇರಿಂಗ್ ತಿನ್ನುತ್ತದೆ. ಅದಕ್ಕೇ ಈ ಗಾಡಿ ಬಲ್ಲವರು ಬಂದ ತಕ್ಷಣ ಕೇಳುವುದು ಒಂದೇ ಮಾತು: ಒಳಗೆ ಕ್ರೋಮಾ, ನಿಕಾಸಿಲ್ಲಾ? ಆ ಪ್ರಶ್ನೆಗೆ ನಿಮ್ಮ ಹತ್ತಿರ ಒಳ್ಳೆಯ ಉತ್ತರ ಇದೆ, ಬಿಲ್ಲೂ ಇದ್ದರೆ ಇನ್ನೇನು ಬೇಕು! ಹಳೇ ಸಿಲಿಂಡರ್ ಎಸೆದಿಲ್ಲ ತಾನೇ? ಅದನ್ನೂ ಒರೆಸಿ ಪಕ್ಕದಲ್ಲಿಡಿ. ಯಾಕೆ ಬದಲಾಯಿಸಿದಿರಿ ಅಂತ ಬಾಯಲ್ಲಿ ಹೇಳುವ ಕೆಲಸವೇ ಇರೋದಿಲ್ಲ.

ಸೀಟಿನ ವಿಷಯಕ್ಕೂ ನಾಚಿಕೆ ಬೇಡ. ಮೊದಲ ಲೆ ಮಾನ್‌ಗೆ ಕಾರ್ಖಾನೆಯವರು ಕೊಟ್ಟದ್ದು ಮೇಲ್ಹೊದಿಕೆಯೇ ಇಲ್ಲದ, ಅಚ್ಚಿನಲ್ಲಿ ಎರೆದ ಫೋಮ್ ಸೀಟು. ನೋಡಲು ಚೆಂದ, ಬಾಳಿಕೆ ಇಲ್ಲ. ಟ್ಯಾಂಕ್ ಕಡೆಗೆ ಚಾಚಿದ ಮೂತಿ ಸೀಳಿಕೊಂಡು ಬಹಳಷ್ಟು ಸೀಟು ಯಾವತ್ತೋ ಕಸಕ್ಕೆ ಹೋದವು. ಹಾಗಾಗಿ ಬೇರೆ ಸೀಟು ಇದ್ದರೆ ಯಾರೂ ಬೈಯೋದಿಲ್ಲ. ಅಸಲಿ ಅಂತ ಹೇಳಿ ಸಿಕ್ಕಿಬಿದ್ದರೆ ಮಾತ್ರ, ಅಲ್ಲಿಂದ ಮುಂದೆ ನೀವು ಹೇಳುವ ನಿಜವನ್ನೂ ಅವರು ನಂಬುವುದಿಲ್ಲ.

ಬಣ್ಣದ್ದು ಸ್ವಲ್ಪ ಬೇರೆ. ಹೊಳೆಯುವ ಹೊಸ ಬಣ್ಣ ಕಂಡರೆ ಬಲ್ಲವರಿಗೆ ಖುಷಿಗಿಂತ ಅನುಮಾನ ಜಾಸ್ತಿ. ಕೆಳಗೆ ಏನಿತ್ತು, ತುಕ್ಕೋ ವೆಲ್ಡಿಂಗೋ? ಬಣ್ಣಕ್ಕೆ ಮುಂಚೆ ಬರೀ ಫ್ರೇಮಿನ ಫೋಟೋ ತೆಗೆದಿದ್ದರೆ ಅದನ್ನೇ ಮೊದಲು ತೋರಿಸಿ. ಗುಟ್ಸಿ ಎಂಜಿನಿಯರ್ ಲಿನೋ ಟೊಂಟಿ, ಅದೇ ಕಂಪನಿಯ 1971ರ ಬೈಕು ವಿ7 ಸ್ಪೋರ್ಟ್‌ಗೆ ಮಾಡಿದ ಫ್ರೇಮಿನ ಕುಡಿಯೇ ನಿಮ್ಮದು. ಎಂಜಿನ್ ಇಳಿಸಲು ಅದರ ಕೆಳಗಿನ ಎರಡು ಪೈಪು ಬಿಚ್ಚಿಕೊಳ್ಳುತ್ತವೆ. ಬಂದವರು ನೆಲಕ್ಕೆ ಮಂಡಿಯೂರಿ ಅಲ್ಲೇ ಟಾರ್ಚ್ ಬಿಡೋದು, ಆದ್ದರಿಂದ ಸೂರ್ಯಾಸ್ತದಲ್ಲಿ ನಿಲ್ಲಿಸಿ ತೆಗೆದ ಫೋಟೋ ಒಂದು ಸಾಕು, ಉಳಿದದ್ದು ಗಾಡಿಯ ಹೊಟ್ಟೆ, ಟ್ಯಾಂಕಿನ ಒಳಗು, ವೈರಿಂಗು. ಇನ್ನೊಂದು, ಎಂಜಿನ್ ನಂಬರೂ ಫ್ರೇಮ್ ನಂಬರೂ ಒಂದೇ ಅಲ್ಲ ಅಂತ ಯಾರಾದರೂ ಮೂಗು ಮುರಿದರೆ ಹೆದರಬೇಡಿ. ಗುಟ್ಸಿಯಲ್ಲಿ ಅವು ಕಾರ್ಖಾನೆಯಿಂದಲೇ ಬೇರೆ ಬೇರೆ.

ಗಾಡಿ ನೋಡಲು ಬರುವ ದಿನ ಎಂಜಿನ್ ಬಿಸಿ ಮಾಡಿಡಬೇಡಿ. ನಾನು ಹಿಂದೊಮ್ಮೆ ಹಳೇ ಡುಕಾಟಿ ಸಿಂಗಲ್ (ಒಂದೇ ಸಿಲಿಂಡರಿನ ಬೈಕು) ಒಂದನ್ನು ಮಾರಲು ಹೊರಟಿದ್ದೆ. ತಣ್ಣಗಿದ್ದಾಗ ಸ್ವಲ್ಪ ಸತಾಯಿಸುತ್ತಿತ್ತು. ಮಾನ ಹೋಗಬಾರದು ಅಂತ ಅರ್ಧ ಗಂಟೆ ಮೊದಲೇ ಸ್ಟಾರ್ಟ್ ಮಾಡಿ ಆರಿಸಿಟ್ಟೆ. ಬಂದ ಹಿರಿಯರು ಟ್ಯಾಂಕ್ ನೋಡಲಿಲ್ಲ, ಮೀಟರ್ ನೋಡಲಿಲ್ಲ. ಗ್ಲೌಸ್ ಬಿಚ್ಚಿ, ಸಿಲಿಂಡರಿನ ಹತ್ತಿರ ಮುಂಗೈ ಹಿಡಿದರು. "ಇದಕ್ಕೆ ಆಗಲೇ ತಿಂಡಿ ಆಗಿದೆಯಲ್ಲ" ಅಂದರು. ಗ್ಲೌಸ್ ಹಾಕಿಕೊಂಡು ಹೊರಟೇ ಹೋದರು! ಕಾರ್ಬುರೇಟರ್ ಸ್ವಲ್ಪ ಕ್ಲೀನ್ ಮಾಡಿದ್ದರೆ ಸಾಕಿತ್ತು, ಇಲ್ಲವೇ ಮೂರನೇ ಕಿಕ್‌ಗೆ ಹತ್ತುತ್ತದೆ ಅಂತ ಹೇಳಿಬಿಟ್ಟಿದ್ದರೂ ಆಗುತ್ತಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬೆಲೆ ಹೇಳುವಾಗ ನಿಮ್ಮ ಬಿಲ್ಲುಗಳನ್ನು ಕೂಡಿಸಿ ಮೊತ್ತ ಹೇಳಬೇಡಿ. ಆರು ವರ್ಷದ ರಜೆ ದಿನಗಳಿಗೆ ಯಾರೂ ದುಡ್ಡು ಕೊಡೋದಿಲ್ಲ. ಇದೇ ಮಾಡೆಲ್ಲು, ಇದೇ ಸ್ಥಿತಿಯಲ್ಲಿ ಈಚೆಗೆ ಎಷ್ಟಕ್ಕೆ ಹೋಯಿತು ನೋಡಿ. ಎಷ್ಟು ಕೇಳಿದರು ಅನ್ನೋದಲ್ಲ, ಎಷ್ಟಕ್ಕೆ ಮುಗಿಯಿತು ಅನ್ನೋದು. ನಿಮ್ಮ ಮನಸ್ಸಿನ ಕೊನೇ ಬೆಲೆಯನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಯಾಕೆಂದರೆ ಒಳ್ಳೆ ಮಾತುಗಾರ ಬಂದು ನಿಮ್ಮ ಗಾಡಿಯನ್ನು ಅರ್ಧ ಗಂಟೆ ಹೊಗಳಿದರೆ ನೀವು ಕರಗಿಬಿಡುತ್ತೀರಿ, ನನಗೆ ಗೊತ್ತು.

ಪ್ರಶ್ನೆ: ಟೆಸ್ಟ್ ರೈಡ್ ಕೊಡಲೇಬೇಕಾ? ಭಯ ಆಗುತ್ತೆ.
– ಅದೇ ಓದುಗರು

ಉತ್ತರ: ಕೊಡಲೇಬೇಕು. ಪೂರ್ತಿ ದುಡ್ಡು ನಿಮ್ಮ ಕೈಯಲ್ಲಿ, ಅವರ ಲೈಸೆನ್ಸ್ ನೋಡಿ ಆಮೇಲೆ ಕೀ. ವಿಮೆ ಅವರಿಗೂ ಅನ್ವಯಿಸುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ. ಇದ್ಯಾವುದೂ ಅವರಿಗೆ ಒಗ್ಗದಿದ್ದರೆ ಬೇಡ ಅನ್ನಿ, ನಿಜವಾದ ಗಿರಾಕಿ ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳೋದಿಲ್ಲ.

ಕೊಡುವ ಮುಂಚೆ ಎರಡು ಮಾತು ಹೇಳಿ. ಈ ಗಾಡಿಯ ಕಾಲು ಬ್ರೇಕ್ ತುಳಿದರೆ ಹಿಂದಿನದರ ಜೊತೆ ಮುಂದಿನ ಎರಡು ಡಿಸ್ಕ್‌ಗಳಲ್ಲಿ ಒಂದೂ ಹಿಡಿಯುತ್ತದೆ, ಕೈ ಬ್ರೇಕಿಗೆ ಉಳಿಯೋದು ಇನ್ನೊಂದು ಮಾತ್ರ. ನಿಂತಲ್ಲೇ ಆಕ್ಸಿಲರೇಟರ್ ತಿರುವಿದರೆ ಇಡೀ ಗಾಡಿ ಬಲಕ್ಕೆ ವಾಲುತ್ತದೆ. ಅಭ್ಯಾಸ ಇಲ್ಲದವರು ಗಾಬರಿಯಾಗಿ ಕಾಲು ಎತ್ತಿದರೆ ನಿಮ್ಮ ಬಣ್ಣದ ಗತಿ ಏನು?

ಪ್ರಶ್ನೆ: ಕೊಟ್ಟ ಮೇಲೆ ಏನಾದರೂ ಕೆಟ್ಟರೆ ನನ್ನ ತಲೆಗೆ ಬರುತ್ತಾ?
– ಮತ್ತೆ ಅವರೇ

ಉತ್ತರ: ಏನೇನು ಬದಲಾಯಿಸಿದ್ದೀರಿ, ಇನ್ನೂ ಏನು ಸರಿಯಿಲ್ಲ, ಎಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಗಾಡಿಯ ದಾಖಲೆ ಅವರ ಹೆಸರಿಗೆ ಆಯಿತಾ ಅಂತ ನೀವೇ ವಿಚಾರಿಸಿ, ಅವರ ಮೇಲೆ ಬಿಡಬೇಡಿ. ಇಷ್ಟಾದರೂ ಫೋನ್ ಬರುತ್ತೆ, ಅದೂ ರಾತ್ರಿ ಹತ್ತಕ್ಕೆ. ಬೈಯೋಕಲ್ಲ. ಕ್ಲಚ್ ಕೇಬಲ್ ಯಾವ ಕಡೆಯಿಂದ ಹೋಗಬೇಕು ಅಂತ ಕೇಳೋಕೆ. ಆ ಫೋಟೋ ಒಂದು ಈಗಲೇ ತೆಗೆದಿಟ್ಟುಕೊಳ್ಳಿ.