ಕಳಚಿದ ಕ್ಯಾಪಿನ ಒಳಮೈ ನೋಡಿ: ಹಲ್ಲಿನ ಸಿಮೆಂಟು ಹಿಡಿಯುವ ಬಗೆ

ದವಡೆ ಹಲ್ಲಿನ ಜಿರ್ಕೋನಿಯಾ (ಬಹಳ ಗಟ್ಟಿಯಾದ ಬಿಳಿ ಸೆರಾಮಿಕ್) ಕ್ಯಾಪು ಎರಡನೇ ಸಲ ಕಳಚಿ ಬಂದಿದೆ, ಮರ, ಗಾಜು, ಲೋಹ ಎಲ್ಲವನ್ನೂ ಅಂಟಿಸುವ ನಾವು ಇದನ್ನೇಕೆ ಸೂಪರ್ ಗ್ಲೂನಿಂದಲೋ ಎಪಾಕ್ಸಿಯಿಂದಲೋ ಕೂರಿಸಿಕೊಳ್ಳಬಾರದು, ದಂತವೈದ್ಯರ ಸಿಮೆಂಟಿನಲ್ಲಿ ಅಂಥದ್ದೇನಿದೆ ಎಂದು ಕೇಳಿದ್ದೀರಿ. ಜೊತೆಗೆ ಕ್ಯಾಪಿನ ಒಳಭಾಗದ ಚಿತ್ರವನ್ನೂ ಹಾಕಿದ್ದೀರಿ. ನಾನು ಈ ಗುಂಪಿಗೆ ಸೇರಿದ್ದು ಮರಗೆಲಸದ ಹವ್ಯಾಸಕ್ಕಾಗಿ, ವೃತ್ತಿಯಲ್ಲಿ ದಂತವೈದ್ಯ. ಆದ್ದರಿಂದ ಉತ್ತರ ತುಸು ಉದ್ದವಾದರೂ ಬರೆಯುತ್ತೇನೆ.

ಮೊದಲಿಗೆ ಸೂಪರ್ ಗ್ಲೂ ಮತ್ತು ಎಪಾಕ್ಸಿ: ಎರಡೂ ಬೇಡ. ಸೂಪರ್ ಗ್ಲೂ, ಅಂದರೆ ಸಯನೋಆಕ್ರಿಲೇಟು, ತೇವ ತಗುಲಿದ ಕೂಡಲೇ ಗಟ್ಟಿಯಾಗತೊಡಗುವುದರಿಂದ ಒದ್ದೆ ಬಾಯಿಯಲ್ಲಿ ಕ್ಯಾಪು ತನ್ನ ಜಾಗಕ್ಕೆ ಪೂರ್ತಿ ಇಳಿಯುವ ಮೊದಲೇ ಕಚ್ಚಿಕೊಳ್ಳುವ ಸಂಭವ ಹೆಚ್ಚು. ಕೂದಲೆಳೆಯಷ್ಟು ಎತ್ತರ ಉಳಿದರೂ ಅಗಿಯುವ ಭಾರವೆಲ್ಲ ಆ ಒಂದು ಹಲ್ಲಿನ ಮೇಲೆ ಬೀಳುತ್ತದೆ, ಅಂಚಿನಲ್ಲಿ ಉಳಿದ ಸಂದಿಯಿಂದ ಹುಳುಕು ಒಳಗೆ ಇಳಿಯುತ್ತದೆ. ಗಟ್ಟಿಯಾದ ಮೇಲೆ ಅದು ಪೆಡಸು ವಸ್ತು. ಸದಾ ನೀರಿನಲ್ಲಿ ನೆನೆಯುತ್ತ, ಬಿಸಿಗೂ ತಣ್ಣಗೂ ಒಡ್ಡಿಕೊಳ್ಳುತ್ತ ಹೆಚ್ಚು ದಿನ ತಾಳುವುದಿಲ್ಲ. ಎಪಾಕ್ಸಿಯ ಗಟ್ಟಿಕಾರಕದಲ್ಲಿರುವ ಅಮೀನುಗಳು ವಸಡನ್ನು ಸುಡಬಲ್ಲವು, ಸಾಲದ್ದಕ್ಕೆ ಅದಕ್ಕೆ ಒಣ ಮೇಲ್ಮೈಯೇ ಬೇಕು. ಇವೆರಡಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಇಂಥ ಅಂಟು ಒಮ್ಮೆ ಒಳಗೆ ಮೆತ್ತಿಕೊಂಡರೆ ಮುಂದೆ ಅದನ್ನು ಕೆರೆದು ತೆಗೆಯುವಾಗ ಕ್ಯಾಪಿನ ಹೊಂದಿಕೆಯೇ ಕೆಡುತ್ತದೆ. ಮತ್ತೆ ಕೂರಿಸಬಹುದಾಗಿದ್ದ ಕ್ಯಾಪನ್ನು ಬಿಸಾಡಿ ಹೊಸದನ್ನು ಮಾಡಿಸಬೇಕಾಗುತ್ತದೆ.

ಇನ್ನು ಚಿತ್ರದ ವಿಷಯ. ಕ್ಯಾಪು ಕಳಚಿದಾಗ ನಾವು ಮೊದಲು ನೋಡುವುದು ಹಳೆಯ ಸಿಮೆಂಟು ಯಾವ ಕಡೆ ಉಳಿದಿದೆ ಎಂಬುದನ್ನು. ಸಿಮೆಂಟೆಲ್ಲ ಕ್ಯಾಪಿನೊಳಗೇ ಉಳಿದು ಹಲ್ಲು ಬರಿದಾಗಿದ್ದರೆ ಹಲ್ಲಿನ ಕಡೆಯ ಹಿಡಿತ ಸೋತಿದೆ. ಸಿಮೆಂಟು ಹಲ್ಲಿನ ಮೇಲೆಯೇ ಇದ್ದು ಕ್ಯಾಪಿನ ಒಳಗೆ ಏನೂ ಇಲ್ಲದಿದ್ದರೆ ಕ್ಯಾಪಿನ ಕಡೆಯ ಹಿಡಿತ ಸೋತಿದೆ. ಎರಡೂ ಕಡೆ ಚೂರುಚೂರಾಗಿ ಮೆತ್ತಿಕೊಂಡಿದ್ದರೆ ಸಿಮೆಂಟೇ ನಡುವೆ ಮುರಿದಿದೆ. ನಿಮ್ಮ ಚಿತ್ರದಲ್ಲಿ ಕ್ಯಾಪಿನ ಒಳಮೈ ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿದೆ. ಅಂಚಿನ ಒಂದು ಮೂಲೆಯಲ್ಲಿ ಮಾತ್ರ ಹಳದಿ ಬಣ್ಣದ ತುಣುಕೊಂದು ಅಂಟಿದೆ. ಹಲ್ಲನ್ನು ನೋಡದೆ ಖಚಿತವಾಗಿ ಹೇಳುವಂತಿಲ್ಲವಾದರೂ ನನ್ನ ಅನುಮಾನ ಎರಡನೆಯ ಬಗೆಯ ಮೇಲಿದೆ. ಕಾರಣ ತಿಳಿಯಬೇಕಾದರೆ ಸಿಮೆಂಟಿನ ಎರಡೂ ಬದಿಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಬೇರೆಬೇರೆಯಾಗಿಯೇ ನೋಡಬೇಕು, ಏಕೆಂದರೆ ಒಂದೇ ಸಿಮೆಂಟು ಒಂದು ಬದಿಯಲ್ಲಿ ಚೆನ್ನಾಗಿ ಹಿಡಿದು ಇನ್ನೊಂದು ಬದಿಯಲ್ಲಿ ಏನೂ ಹಿಡಿಯದೇ ಇರಬಹುದು.

ಹಳೆಯ ಸಿಮೆಂಟುಗಳು ನಿಜವಾದ ಅರ್ಥದಲ್ಲಿ ಅಂಟುತ್ತಲೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬಳಕೆಯಲ್ಲಿರುವ ಜಿಂಕ್ ಫಾಸ್ಫೇಟು ಸಿಮೆಂಟು ಜಿಂಕ್ ಆಕ್ಸೈಡಿನ ಪುಡಿ ಮತ್ತು ಫಾಸ್ಫಾರಿಕ್ ಆಮ್ಲದ ದ್ರಾವಣ ಸೇರಿ ಗಟ್ಟಿಯಾಗುವ ವಸ್ತು. ಕಲಸುವಾಗ ಬಿಸಿ ಏಳುವುದರಿಂದ ತಂಪು ಮಾಡಿದ ದಪ್ಪ ಗಾಜಿನ ಹಲಗೆಯ ಮೇಲೆ, ಪುಡಿಯನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ, ಅಗಲಕ್ಕೆ ಹರಡಿ ಕಲಸಬೇಕು. ಸ್ಪ್ಯಾಚುಲಾ ಮೇಲೆತ್ತಿದಾಗ ಗಾಜಿನಿಂದ ಸುಮಾರು ಒಂದೂವರೆ ಸೆಂಟಿಮೀಟರು ಉದ್ದದ ಎಳೆ ಎದ್ದು ಕಡಿದರೆ ಹದ ಬಂದಿದೆ ಎಂದು ಲೆಕ್ಕ. ಈ ಸಿಮೆಂಟು ಹಲ್ಲಿನ ಮತ್ತು ಕ್ಯಾಪಿನ ಉಬ್ಬುತಗ್ಗುಗಳೊಳಗೆ ಹರಿದು ಗಟ್ಟಿಯಾಗಿ, ಎರಡೂ ಒಂದರ ಮೇಲೊಂದು ಜಾರದಂತೆ ತಡೆಯುತ್ತದೆ, ಅಷ್ಟೆ. ಮರದ ಜೋಡಣೆಯಲ್ಲಿ ಕಚ್ಚು ಸಡಿಲವಿದ್ದರೆ ಅಂಟು ಎಷ್ಟು ಬಳಿದರೂ ಪ್ರಯೋಜನವಿಲ್ಲ ಎಂಬುದು ನಮಗೆಲ್ಲ ಗೊತ್ತು, ಇಲ್ಲಿಯೂ ಹಾಗೆಯೇ. ಕ್ಯಾಪಿಗಾಗಿ ಹಲ್ಲನ್ನು ಡ್ರಿಲ್ಲಿನಿಂದ ಉಜ್ಜಿ ಸಿದ್ಧಗೊಳಿಸಿದಾಗ ಎದುರುಬದುರಿನ ಗೋಡೆಗಳ ನಡುವಿನ ಒಟ್ಟು ಓರೆ 6 ಡಿಗ್ರಿ ಇದ್ದರೆ ಆದರ್ಶ ಎಂದು ಪಠ್ಯಗಳು ಹೇಳುತ್ತವೆ, 10ರಿಂದ 20 ಡಿಗ್ರಿಯವರೆಗೆ ಬಾಯಿಯಲ್ಲಿ ನಿಜಕ್ಕೂ ಸಾಧ್ಯವಾಗುವಂಥದ್ದು. ದವಡೆ ಹಲ್ಲಿನಲ್ಲಿ ಆ ಗೋಡೆಗಳು ಸುಮಾರು 4 ಮಿಲಿಮೀಟರಾದರೂ ಎತ್ತರ ಇರಬೇಕು. ಗಿಡ್ಡ ಹಲ್ಲಿಗೆ, ಗೋಪುರದಂತೆ ಓರೆಯಾದ ಹಲ್ಲಿಗೆ ಇಂಥ ಸಿಮೆಂಟು ಸಾಲದು.

ಹಲ್ಲಿಗೆ ರಾಸಾಯನಿಕವಾಗಿಯೇ ಅಂಟುವ ಮೊದಲ ಸಿಮೆಂಟು 1968ರಲ್ಲಿ ಡೆನ್ನಿಸ್ ಸ್ಮಿತ್ ರೂಪಿಸಿದ ಜಿಂಕ್ ಪಾಲಿಕಾರ್ಬಾಕ್ಸಿಲೇಟು. ಫಾಸ್ಫಾರಿಕ್ ಆಮ್ಲದ ಬದಲು ಪಾಲಿಆಕ್ರಿಲಿಕ್ ಆಮ್ಲವನ್ನು ಬಳಸಿದ್ದು ಅದರ ವಿಶೇಷ. ಆ ಆಮ್ಲದ ಉದ್ದನೆಯ ಸರಪಳಿಯ ತುಂಬ ಕಾರ್ಬಾಕ್ಸಿಲ್ ಗುಂಪುಗಳಿದ್ದು, ಅವು ಹಲ್ಲಿನ ಖನಿಜದಲ್ಲಿರುವ ಕ್ಯಾಲ್ಸಿಯಂ ಅನ್ನು ನೇರವಾಗಿ ಹಿಡಿದುಕೊಳ್ಳುತ್ತವೆ. ಅದೇ ಆಮ್ಲಕ್ಕೆ ಜಿಂಕ್ ಆಕ್ಸೈಡಿನ ಬದಲು ಫ್ಲೋರೈಡು ಇರುವ ಅಲ್ಯೂಮಿನಿಯಂ ಸಿಲಿಕೇಟು ಗಾಜಿನ ಪುಡಿ ಸೇರಿಸಿ ಲಂಡನ್ನಿನಲ್ಲಿ ಆಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ಗ್ಲಾಸ್ ಅಯೊನೊಮರ್ ಸಿಮೆಂಟನ್ನು ಸಿದ್ಧಪಡಿಸಿದರು. 1970ರ ದಶಕದಲ್ಲಿ ಅದು ಚಿಕಿತ್ಸಾಲಯಗಳಿಗೆ ಬಂತು. ಇಂದಿಗೂ ದಿನನಿತ್ಯದ ಕ್ಯಾಪುಗಳಿಗೆ ನನ್ನ ಮೊದಲ ಆಯ್ಕೆ ಇದರ ರೆಸಿನ್ (ದ್ರವವಾಗಿದ್ದು ಆಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ಕಿನಂಥ ವಸ್ತು) ಬೆರೆಸಿದ ರೂಪ. ಹಲ್ಲಿಗೆ ಅದು ತಾನಾಗಿಯೇ ಅಂಟುತ್ತದೆ, ಸ್ವಲ್ಪ ತೇವವನ್ನು ಸಹಿಸುತ್ತದೆ, ಸುತ್ತಲಿನ ಹಲ್ಲಿಗೆ ಫ್ಲೋರೈಡು ಬಿಡುತ್ತದೆ, ಹೆಚ್ಚುವರಿಯಾಗಿ ಹೊರಬಂದದ್ದನ್ನು ತೆಗೆಯುವುದೂ ಸುಲಭ. ಆದರೆ ರೆಸಿನ್ ಸಿಮೆಂಟಿಗೆ ಹೋಲಿಸಿದರೆ ಅದರ ಬಲ ಕಡಿಮೆ, ಹಾಗಾಗಿ ಹಲ್ಲಿನ ಆಕಾರ ಚೆನ್ನಾಗಿದ್ದಾಗ ಮಾತ್ರ ಅದನ್ನು ನೆಚ್ಚಿಕೊಳ್ಳಬಹುದು.

ರೆಸಿನ್ ಸಿಮೆಂಟಿನ ಕಥೆ ಶುರುವಾಗುವುದು 1955ರಲ್ಲಿ. ಮೈಕೆಲ್ ಬ್ಯುನೊಕೋರ್ ಎಂಬ ಅಮೆರಿಕದ ದಂತವೈದ್ಯರು ಹಲ್ಲಿನ ಹೊರಗಿನ ಗಟ್ಟಿ ಕವಚವಾದ ಎನಾಮಲ್ಲಿಗೆ 85 ಶೇಕಡಾ ಫಾಸ್ಫಾರಿಕ್ ಆಮ್ಲವನ್ನು 30 ಸೆಕೆಂಡು ಸವರಿ ತೊಳೆದರೆ ಆಕ್ರಿಲಿಕ್ ರೆಸಿನ್ ಅದಕ್ಕೆ ಬಹಳ ಬಿಗಿಯಾಗಿ ಹಿಡಿಯುತ್ತದೆ ಎಂದು ತೋರಿಸಿದರು. ಈಗ ಬಳಸುವುದು ಸಾಮಾನ್ಯವಾಗಿ 37 ಶೇಕಡಾ ಆಮ್ಲ. ಎನಾಮಲ್ಲಿನ ತೂಕದಲ್ಲಿ ಸುಮಾರು 96 ಶೇಕಡಾ ಖನಿಜವೇ ಇರುವುದರಿಂದ ಆಮ್ಲ ಅದನ್ನು ಅಸಮವಾಗಿ ಕರಗಿಸಿ ಸೂಕ್ಷ್ಮ ರಂಧ್ರಗಳನ್ನು ಕೊರೆಯುತ್ತದೆ. ತೊಳೆದು ಗಾಳಿ ಹಾಯಿಸಿದಾಗ ಆ ಭಾಗ ತನ್ನ ಹೊಳಪು ಕಳೆದುಕೊಂಡು ಸೀಮೆಸುಣ್ಣ ಬಳಿದಂತೆ ಮಂಕಾಗಿ ಬೆಳ್ಳಗಾಗುವುದು ಬರಿಗಣ್ಣಿಗೇ ಕಾಣುತ್ತದೆ. ಕಾಣದಿದ್ದರೆ ಮತ್ತೆ ಸವರಬೇಕು. ಆ ರಂಧ್ರಗಳೊಳಗೆ ಹರಿದ ದ್ರವ ರೆಸಿನ್ ಗಟ್ಟಿಯಾದಾಗ ಸಾವಿರಾರು ಸಣ್ಣ ಬೇರುಗಳಂತೆ ಹಿಡಿದುಕೊಳ್ಳುತ್ತದೆ. ಅಂಟಿಸುವವನಿಗೆ ಎನಾಮಲ್ಲಿನಂಥ ಒಳ್ಳೆಯ ಮೇಲ್ಮೈ ಇನ್ನೊಂದಿಲ್ಲ.

ಕಷ್ಟವೆಲ್ಲ ಎನಾಮಲ್ಲಿನ ಒಳಗಿರುವ ಡೆಂಟಿನ್ ಎಂಬ ಪದರದಲ್ಲಿ. ಕ್ಯಾಪಿಗಾಗಿ ಉಜ್ಜಿದ ಹಲ್ಲಿನಲ್ಲಿ ಉಳಿಯುವುದು ಹೆಚ್ಚಾಗಿ ಅದೇ. ಅದರ ತೂಕದಲ್ಲಿ ಖನಿಜ ಸುಮಾರು 70 ಶೇಕಡಾ ಮಾತ್ರ, ಉಳಿದದ್ದು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಮತ್ತು ನೀರು. ಚದರ ಮಿಲಿಮೀಟರಿಗೆ ಸುಮಾರು 20,000ದಿಂದ 45,000ದವರೆಗೆ ಕೊಳವೆಗಳಿದ್ದು, ಜೀವಂತ ಹಲ್ಲಿನಲ್ಲಿ ಅವುಗಳೊಳಗಿನ ದ್ರವ ಸದಾ ಹೊರಕ್ಕೆ ಒಸರುತ್ತಿರುತ್ತದೆ. ಇದರ ಮೇಲೆ ಡ್ರಿಲ್ಲಿನಿಂದ ಉಜ್ಜಿದಾಗ ಬಂದ ಪುಡಿ ಕೆಲವು ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನು) ಪದರವಾಗಿ ಮೆತ್ತಿಕೊಂಡಿರುತ್ತದೆ. ನೀರಿನೊಡನೆ ಬೆರೆಯದ ರೆಸಿನ್ನನ್ನು ಇಂಥ ಒದ್ದೆ ಮೈಗೆ ಅಂಟಿಸುವ ಬಗೆಯನ್ನು ಕಂಡುಕೊಳ್ಳಲು ದಶಕಗಳೇ ಬೇಕಾದವು. ಜಪಾನಿನ ನೊಬುವೊ ನಕಬಯಾಶಿ ಮತ್ತು ಸಂಗಡಿಗರು 1982ರಲ್ಲಿ ಹೈಬ್ರಿಡ್ ಪದರವನ್ನು ವಿವರಿಸಿದರು: ಆಮ್ಲದಿಂದ ಮೇಲಿನ ಖನಿಜ ಕರಗಿ ಕೊಲಾಜನ್ ಎಳೆಗಳ ಜಾಲ ಬಯಲಾಗುತ್ತದೆ, ನೀರಿನೊಡನೆ ಹೊಂದಿಕೊಳ್ಳುವ ರೆಸಿನ್ ಅಣುಗಳು ಆ ಜಾಲದೊಳಗೆ ಇಳಿಯುತ್ತವೆ, ಅಲ್ಲಿಯೇ ಗಟ್ಟಿಯಾಗುತ್ತವೆ. ಅರ್ಧ ಹಲ್ಲು, ಅರ್ಧ ರೆಸಿನ್ ಎನ್ನಬಹುದಾದ ಈ ಪದರದ ದಪ್ಪ ಕೆಲವೇ ಮೈಕ್ರಾನು.

ಹಿಡಿತ ಕೆಡುವುದೂ ಇಲ್ಲಿಯೇ. ಡೆಂಟಿನ್ನಿಗೆ ಆಮ್ಲ 15 ಸೆಕೆಂಡಿಗಿಂತ ಹೆಚ್ಚು ಹೊತ್ತು ಇದ್ದರೆ ರೆಸಿನ್ ತಲುಪಲಾರದಷ್ಟು ಆಳಕ್ಕೆ ಖನಿಜ ಕರಗಿಹೋಗುತ್ತದೆ. ತೊಳೆದ ಮೇಲೆ ಗಾಳಿಯಿಂದ ಪೂರ್ತಿ ಒಣಗಿಸಿದರೆ ಕೊಲಾಜನ್ ಜಾಲ ಕುಸಿದು ರೆಸಿನ್ನಿಗೆ ದಾರಿಯೇ ಮುಚ್ಚುತ್ತದೆ. ನೀರು ಹೆಚ್ಚಾಗಿ ನಿಂತರೆ ರೆಸಿನ್ ತೆಳುವಾಗಿ ಹಿಡಿತ ತಪ್ಪುತ್ತದೆ. ಆ ನಡುವಿನ ಹದ ಕೈಗೆ ಸಿಗುವುದಕ್ಕೆ ಅಭ್ಯಾಸ ಬೇಕು. ಈ ಕಾರಣದಿಂದಲೇ ಡೆಂಟಿನ್ನಿಗೆ ಬೇರೆ ಆಮ್ಲ ಸವರದೆ, ತಾನೇ ಸೌಮ್ಯ ಆಮ್ಲವಾಗಿರುವ ಅಂಟನ್ನು ಹಚ್ಚುವ ವಿಧಾನ ನನಗೆ ಹೆಚ್ಚು ಭರವಸೆಯದೆನಿಸುತ್ತದೆ. ಅಂಥ ಅಂಟುಗಳಲ್ಲಿ ಮುಖ್ಯವಾದದ್ದು ಎಂಡಿಪಿ ಎಂಬ ಅಣು. ಅದರ ಒಂದು ತುದಿಯಲ್ಲಿರುವ ಫಾಸ್ಫೇಟು ಗುಂಪು ಹಲ್ಲಿನ ಕ್ಯಾಲ್ಸಿಯಮ್ಮಿಗೆ ಗಂಟುಬೀಳುತ್ತದೆ, ನೀರಿನಲ್ಲಿ ಸುಲಭವಾಗಿ ಬಿಡಿಸಿಕೊಳ್ಳದ ಗಂಟು ಅದು; ಇನ್ನೊಂದು ತುದಿ ರೆಸಿನ್ನಿನ ಸರಪಳಿಯಲ್ಲಿ ಸೇರಿಹೋಗುತ್ತದೆ. ಅಂಚಿನಲ್ಲಿ ಎನಾಮಲ್ ಉಳಿದಿದ್ದರೆ ಅಲ್ಲಿಗೆ ಮಾತ್ರ ಫಾಸ್ಫಾರಿಕ್ ಆಮ್ಲ ಸವರಿ, ಡೆಂಟಿನ್ನನ್ನು ಈ ಅಂಟಿಗೆ ಬಿಡುವುದು ಈಗ ರೂಢಿಯಲ್ಲಿದೆ. ಒಂದು ಮಾತು: ಹಿಂದಿನ ಸಲ ತಾತ್ಕಾಲಿಕ ಕ್ಯಾಪನ್ನು ಲವಂಗದೆಣ್ಣೆಯ ವಾಸನೆ ಬರುವ ಸಿಮೆಂಟಿನಿಂದ ಕೂರಿಸಿದ್ದರೇ ಎಂದು ನೆನಪಿಸಿಕೊಳ್ಳಿ. ಆ ವಾಸನೆಯ ಯೂಜಿನಾಲ್ ಹಲ್ಲಿನ ಮೇಲೆ ಉಳಿದರೆ ರೆಸಿನ್ ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ.

ಈಗ ಕ್ಯಾಪಿನ ಬದಿಗೆ ಬರೋಣ. ನಿಮ್ಮ ತೊಂದರೆ ಇರುವುದು ಬಹುಶಃ ಇಲ್ಲಿ. ಗಾಜಿನ ಅಂಶವಿರುವ ಪಿಂಗಾಣಿ ಕ್ಯಾಪುಗಳಾದರೆ ಒಳಮೈಯನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ಒರಟು ಮಾಡಿ (ಲಿಥಿಯಂ ಡೈಸಿಲಿಕೇಟಿಗೆ 5 ಶೇಕಡಾ ಆಮ್ಲ, 20 ಸೆಕೆಂಡು), ಬಳಿಕ ಸೈಲೇನ್ ಹಚ್ಚುತ್ತಾರೆ. ಸೈಲೇನ್ ಒಂದು ಕಡೆ ಗಾಜಿನ ಸಿಲಿಕಾವನ್ನೂ ಇನ್ನೊಂದು ಕಡೆ ರೆಸಿನ್ನನ್ನೂ ಹಿಡಿಯುತ್ತದೆ. ಜಿರ್ಕೋನಿಯಾದಲ್ಲಿ ಗಾಜೂ ಇಲ್ಲ, ಸಿಲಿಕಾವೂ ಇಲ್ಲ. ಆದ್ದರಿಂದ ಪಿಂಗಾಣಿಗೆ ಮಾಡುವ ಈ ಉಪಚಾರವೆಲ್ಲ ಅದರ ಮೇಲೆ ವ್ಯರ್ಥ. ಅದಕ್ಕೆ ಬೇಕಾದದ್ದು 50 ಮೈಕ್ರಾನಿನ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡು) ಪುಡಿಯನ್ನು ಕಡಿಮೆ ಒತ್ತಡದ ಗಾಳಿಯಲ್ಲಿ ಒಳಮೈಗೆ ಹಾಯಿಸಿ ಒರಟು ಮಾಡುವುದು, ಆಮೇಲೆ ಎಂಡಿಪಿ ಇರುವ ಪ್ರೈಮರ್ (ಸಿಮೆಂಟಿಗೆ ಮೊದಲು ಬಳಿಯುವ ಲೇಪ) ಹಚ್ಚುವುದು. ಅದೇ ಫಾಸ್ಫೇಟು ಗುಂಪು ಜಿರ್ಕೋನಿಯಾದ ಆಕ್ಸೈಡು ಮೈಯನ್ನೂ ಹಿಡಿಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಜಿರ್ಕೋನಿಯಾಕ್ಕೆ ಫಾಸ್ಫೇಟಿನ ಸೆಳೆತ ಎಷ್ಟೆಂದರೆ, ಅಳತೆ ನೋಡಲು ಕ್ಯಾಪನ್ನು ಬಾಯಿಗಿಟ್ಟು ತೆಗೆದಾಗ ಜೊಲ್ಲಿನಲ್ಲಿರುವ ಫಾಸ್ಫೇಟುಗಳೇ ಮೊದಲು ಹೋಗಿ ಆ ಮೈಯನ್ನು ಆವರಿಸಿಬಿಡುತ್ತವೆ. ಎಂಡಿಪಿಗೆ ಕೂರಲು ಜಾಗ ಉಳಿಯುವುದಿಲ್ಲ. ನೀರಿನಿಂದ ತೊಳೆದರೆ ಅದು ಹೋಗದು. ಪಿಂಗಾಣಿಯ ಅಭ್ಯಾಸದಿಂದ ಫಾಸ್ಫಾರಿಕ್ ಆಮ್ಲ ಹಾಕಿ ತೊಳೆದರಂತೂ ಇನ್ನಷ್ಟು ಫಾಸ್ಫೇಟನ್ನು ಬಳಿದಂತಾಗುತ್ತದೆ. ಅಳತೆ ನೋಡಿದ ಮೇಲೆ ಅಲ್ಯೂಮಿನಾ ಪುಡಿಯನ್ನು ಹಾಯಿಸಬೇಕು, ಇಲ್ಲವೇ ಇದಕ್ಕೆಂದೇ ಸಿಗುವ ಶುಚಿಕಾರಕ ಲೇಪವನ್ನು ಬಳಸಬೇಕು. ನಿಮ್ಮ ಕ್ಯಾಪು ಕಳಚಿದ ಸಂಜೆ ಬಾಯಿಯಲ್ಲಿ ಇಟ್ಟು ನೋಡಿದ್ದೀರಿ ಎಂದು ಬರೆದಿದ್ದೀರಲ್ಲ, ಅದನ್ನೂ ವೈದ್ಯರಿಗೆ ತಿಳಿಸಿ.

ಗಟ್ಟಿಯಾಗುವ ಬಗೆಯನ್ನು ಚುಟುಕಾಗಿ ಹೇಳುವುದಾದರೆ, ನೀಲಿ ಬೆಳಕಿನಿಂದ ಗಟ್ಟಿಯಾಗುವ ರೆಸಿನ್ ದಪ್ಪ ಜಿರ್ಕೋನಿಯಾದ ಕೆಳಗೆ ಸಾಕಷ್ಟು ಬೆಳಕು ಕಾಣದು, ಆದ್ದರಿಂದ ಅಲ್ಲಿ ಬೆಳಕಿನಿಂದಲೂ ರಾಸಾಯನಿಕವಾಗಿಯೂ ಗಟ್ಟಿಯಾಗುವ ಜೋಡಿ ಬಗೆಯದನ್ನೇ ಬಳಸುತ್ತಾರೆ. ಪದರ ತೆಳುವಾಗಿರಬೇಕು: ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡದಲ್ಲಿ ಜಿಂಕ್ ಫಾಸ್ಫೇಟು, ಗ್ಲಾಸ್ ಅಯೊನೊಮರ್‌ನಂಥ ನೀರು ಆಧಾರಿತ ಸಿಮೆಂಟಿಗೆ 25 ಮೈಕ್ರಾನ್, ರೆಸಿನ್ ಸಿಮೆಂಟಿಗೆ 50 ಮೈಕ್ರಾನ್ ಮಿತಿ.

ನಿಮ್ಮ ವಿಷಯದಲ್ಲಿ ನಾನು ವೈದ್ಯರನ್ನು ಕೇಳುತ್ತಿದ್ದ ಪ್ರಶ್ನೆಗಳು ಇವು: ಕಳೆದೆರಡು ಸಲ ಯಾವ ಸಿಮೆಂಟು ಬಳಸಲಾಗಿತ್ತು, ಒಳಮೈಗೆ ಅಲ್ಯೂಮಿನಾ ಹಾಯಿಸಿ ಪ್ರೈಮರ್ ಹಚ್ಚಲಾಗಿತ್ತೇ, ಹಲ್ಲಿನ ಗೋಡೆಗಳ ಎತ್ತರ ಎಷ್ಟು, ಅಂಚಿನಲ್ಲಿ ಹುಳುಕು ಸೇರಿದೆಯೇ, ಅಗಿಯುವಾಗ ಆ ಹಲ್ಲಿಗೆ ಮಾತ್ರ ಮೊದಲು ತಾಗುತ್ತದೆಯೇ. ಎತ್ತರವೇ ಇಲ್ಲವೆಂದಾದರೆ ಸಿಮೆಂಟು ಬದಲಿಸುವುದಷ್ಟೇ ಪರಿಹಾರವಾಗದು. ಗೋಡೆಗಳಲ್ಲಿ ಉದ್ದನೆಯ ತೋಡು ಕೊರೆಯುವುದೋ, ಕ್ಯಾಪಿನ ಕೆಳಗೆ ಹಲ್ಲಿನ ಕಳೆದುಹೋದ ಭಾಗವನ್ನು ಮತ್ತೆ ಕಟ್ಟುವುದೋ, ವಸಡನ್ನು ಕೆಳಗಿಳಿಸಿ ಹೆಚ್ಚು ಹಲ್ಲು ಹೊರಬರುವಂತೆ ಮಾಡುವುದೋ ಬೇಕಾಗಬಹುದು.

ಅಲ್ಲಿಯವರೆಗೆ ಕ್ಯಾಪನ್ನು ಸಣ್ಣ ಡಬ್ಬಿಯಲ್ಲಿಡಿ, ಒಳಗೆ ಸೂಜಿಯಿಂದ ಕೆರೆಯಬೇಡಿ. ಆ ಹಳದಿ ತುಣುಕು ವೈದ್ಯರಿಗೆ ಬೇಕಾದ ಸಾಕ್ಷಿ. ಬರಿದಾದ ಹಲ್ಲನ್ನು ಬ್ರಶ್ಶಿನಿಂದ ಮೃದುವಾಗಿ ಉಜ್ಜುತ್ತಿರಿ. ಆ ಬದಿಯಲ್ಲಿ ಅಗಿಯಬೇಡಿ. ಸುಮ್ಮನೆ ಕ್ಯಾಪು ಸಿಕ್ಕಿಸಿಕೊಂಡು ಮಲಗಬೇಡಿ, ನಿದ್ದೆಯಲ್ಲಿ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಹೆಚ್ಚು ದಿನ ತಡಮಾಡಲೂ ಬೇಡಿ, ಅಕ್ಕಪಕ್ಕದ ಮತ್ತು ಎದುರಿನ ಹಲ್ಲುಗಳು ಸರಿದರೆ ಇದೇ ಕ್ಯಾಪು ಮತ್ತೆ ಕೂರುವುದಿಲ್ಲ. ಕೂರಿಸಿದ ಮೇಲೆ ಮೊದಲ ದಿನ ಅಂಟಂಟಾದ, ಗಟ್ಟಿ ತಿನಿಸನ್ನು ಆ ಬದಿಗೆ ಹಾಕಬಾರದು: ಗ್ಲಾಸ್ ಅಯೊನೊಮರ್ ಕೆಲವು ನಿಮಿಷಗಳಲ್ಲಿ ಬಿಗಿದರೂ ಅದರ ರಾಸಾಯನಿಕ ಕ್ರಿಯೆ 24 ಗಂಟೆಯವರೆಗೂ ಅದಕ್ಕೂ ಆಚೆಗೂ ಮುಂದುವರಿಯುತ್ತದೆ, ಜೋಡಿ ಬಗೆಯ ರೆಸಿನ್ನಿನ ಬಲವೂ ಆ ಮೊದಲ ದಿನದಲ್ಲಿ ಏರುತ್ತಲೇ ಇರುತ್ತದೆ.