ಕೊಡಗಿನಲ್ಲಿ ಫುಟ್‌ಬಾಲ್ ನೋಡೋಕೆ ಸುಂಟಿಕೊಪ್ಪಕ್ಕೆ ಬನ್ನಿ

ಕೊಡಗಿನಲ್ಲಿ ಹಾಕಿ ಬಿಟ್ಟರೆ ಫುಟ್‌ಬಾಲ್‌ಗೆ ಹೆಸರಾದ ಮೈದಾನ ಇದೆಯಾ, ಯಾವ ತಿಂಗಳು ಬರಬೇಕು ಅಂತ ಕೇಳಿದ್ದೀರಿ. ಇದೆ ಸರ್. ಸುಂಟಿಕೊಪ್ಪಕ್ಕೆ ಬನ್ನಿ, ಮೇ ತಿಂಗಳಲ್ಲಿ. ಮಡಿಕೇರಿಯಿಂದ ಕುಶಾಲನಗರದ ದಾರಿಯಲ್ಲಿ ಸುಮಾರು 15 ಕಿಲೋಮೀಟರ್.

ಇಲ್ಲಿನ ಬ್ಲೂ ಬಾಯ್ಸ್ ಯುವಕ ಸಂಘ ಡಿ. ಶಿವಪ್ಪ ಸ್ಮಾರಕ ಗೋಲ್ಡ್ ಕಪ್ ಪಂದ್ಯಾವಳಿ ನಡೆಸುತ್ತದೆ. ಆಟ ನಡೆಯುವುದು ಸರ್ಕಾರಿ ಪದವಿಪೂರ್ವ ಕಾಲೇಜಿನ ಮೈದಾನದಲ್ಲಿ. ದೊಡ್ಡ ಸ್ಟೇಡಿಯಂ ನಿರೀಕ್ಷೆ ಮಾಡಬೇಡಿ. ಆದರೆ ಕೇರಳದ ತಂಡಗಳೂ ಬರುತ್ತವೆ, ಆಟ ಜೋರಾಗಿರುತ್ತದೆ.

ಮೇ ತಿಂಗಳೇ ಯಾಕೆ ಅಂದರೆ, ಆಗ ಕಾಫಿ ಕೊಯ್ಲು ಮುಗಿದಿರುತ್ತದೆ, ಮಕ್ಕಳಿಗೆ ರಜೆ. ಜೂನ್ ಬಂದರೆ ಮುಂಗಾರು ಶುರು, ಮೈದಾನ ಕೆಸರು. ಮೇನಲ್ಲೂ ಮಧ್ಯಾಹ್ನದ ಮೇಲೆ ಮಳೆ ಬರಬಹುದು, ಕೊಡೆ ಇರಲಿ.

ಈ ಮೈದಾನ ನಮಗೆ ಯಾಕೆ ಮುಖ್ಯ ಅನ್ನೋದನ್ನೂ ಹೇಳಬೇಕು. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಹಾಕಿ ಹಬ್ಬ ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಅಲ್ಲಿ ಆಡೋದು ಕೊಡವ ಒಕ್ಕಗಳು, ಒಂದೊಂದು ಮನೆತನಕ್ಕೆ ಒಂದು ತಂಡ. ಸುಂಟಿಕೊಪ್ಪ ಸುತ್ತ ತೋಟದ ಕೆಲಸಗಾರರು, ಸಣ್ಣ ಅಂಗಡಿಯವರು ಜಾಸ್ತಿ. ಕನ್ನಡ, ಮಲಯಾಳ, ತುಳು, ತಮಿಳು ಎಲ್ಲಾ ಮಾತಾಡುವ ಊರು. ತೋಟದ ಲೈನ್‌ಮನೆಯ ಹುಡುಗನಿಗೂ ತನ್ನ ಊರಿನ ಜನರ ಮುಂದೆ ಆಡೋ ಜಾಗ ಬೇಕಲ್ವಾ? ಅದು ಈ ಮೈದಾನ. ನನಗಂತೂ ಕೊಡಗಿನ ಎಲ್ಲ ಮೈದಾನಗಳಿಗಿಂತ ಇದೇ ಹೆಚ್ಚು ಇಷ್ಟ.

ಫೈನಲ್‌ಗೆ ಬರುವುದಾದರೆ ಬೇಗ ಬನ್ನಿ. ಆಮೇಲೆ ನಿಲ್ಲೋಕೂ ಜಾಗ ಸಿಗಲ್ಲ.