ಹೆಂಡತಿಗೆ ಕೇಳಿಸುವುದು ನನಗೇಕೆ ಕೇಳಿಸದು?

ಪ್ರಶ್ನೆ: ನನಗೆ 56 ವರ್ಷ, ಪಾಂಡವಪುರದ ಬಳಿ ಬೇಸಾಯ. ಮೂವತ್ತು ವರ್ಷಗಳಿಂದ ಟ್ರ್ಯಾಕ್ಟರ್ ಓಡಿಸುತ್ತಿದ್ದೇನೆ. ಹಿತ್ತಿಲಲ್ಲಿ ಆಡುವ ಮೊಮ್ಮಗಳ ಗೆಜ್ಜೆ ಸದ್ದು ಹೆಂಡತಿಗೆ ಒಳಗಿದ್ದೇ ಕೇಳುತ್ತದೆ, ನನಗೆ ಕೇಳುವುದಿಲ್ಲ. ಫೋನನ್ನೂ ಬಲಗಿವಿಗೇ ಹಿಡಿಯಬೇಕು. ಹೆಂಗಸರ ಕಿವಿ ಚುರುಕು, ಎಡಕ್ಕಿಂತ ಬಲಗಿವಿ ಚುರುಕು ಎನ್ನುತ್ತಾರೆ. ನಿಜವೇ?

ಉತ್ತರ: ಸರಾಸರಿಯ ಮಟ್ಟಿಗೆ ಎರಡೂ ನಿಜ. ಆದರೆ ನಿಮ್ಮ ತೊಂದರೆಗೆ ಅಷ್ಟೇ ಕಾರಣವೆಂದುಕೊಂಡು ಸುಮ್ಮನಾಗಬೇಡಿ.

ಹರೆಯದಲ್ಲಿ ಗಂಡು ಹೆಣ್ಣಿನ ಶ್ರವಣದ ನಡುವಿನ ಅಂತರ ಕೆಲವೇ ಡೆಸಿಬಲ್ (ಸದ್ದಿನ ಜೋರನ್ನು ಅಳೆಯುವ ಮಾನ). ಅದೂ ಮುಖ್ಯವಾಗಿ ಗೆಜ್ಜೆ, ಜೀರುಂಡೆಗಳಂಥ ಕೀರಲು ಸದ್ದುಗಳಲ್ಲಿ. ವಯಸ್ಸಾದಂತೆ ಈ ಅಂತರ ಬೆಳೆಯುತ್ತದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಂದೇ ಗುಂಪಿನ ಜನರನ್ನು ಹಲವು ವರ್ಷ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗದ್ದಲದಿಂದ ಕಿವಿ ಕೆಟ್ಟ ಲಕ್ಷಣವಿಲ್ಲದ ಗಂಡಸರಲ್ಲೂ ಶ್ರವಣಶಕ್ತಿ ಹೆಂಗಸರಿಗಿಂತ ಎರಡು ಪಟ್ಟಿಗೂ ಹೆಚ್ಚು ವೇಗವಾಗಿ ಕುಗ್ಗಿದ್ದು ಕಂಡುಬಂತು. 1000 ಹರ್ಟ್ಜ್‌ಗಿಂತ (ಹರ್ಟ್ಜ್ ಎಂದರೆ ಸದ್ದಿನ ಕೀರಲುತನದ ಅಳತೆ) ಕೆಳಗಿನ ಗಡಸು ಸದ್ದುಗಳಲ್ಲಿ ಮಾತ್ರ ಗಂಡಸರೇ ತುಸು ಮುಂದಿದ್ದರು.

ಬಲಗಿವಿಯ ಮೇಲುಗೈ ಇನ್ನೂ ಚಿಕ್ಕದು. ಒಳಗಿವಿ ತಾನೇ ಹೊರಡಿಸುವ ಅತಿ ಸಣ್ಣ ಧ್ವನಿಗಳು ಹೆಣ್ಣುಮಕ್ಕಳಲ್ಲಿ ಹಾಗೂ ಬಲಗಿವಿಯಲ್ಲಿ ಹೆಚ್ಚಾಗಿರುವುದು ಹಸುಗೂಸುಗಳಲ್ಲೇ ಕಾಣುವುದರಿಂದ, ಈ ವ್ಯತ್ಯಾಸ ಹುಟ್ಟಿನಿಂದ ಬಂದದ್ದೆನ್ನಬಹುದು. ನನಗೆ ಇಂದಿಗೂ ಬೆರಗು ತರಿಸುವ ಸಂಗತಿಯಿದು. ಆದರೂ ಎರಡು ಕಿವಿಗಳ ಸಹಜ ಅಂತರ ಒಂದೆರಡು ಡೆಸಿಬಲ್ ಮಾತ್ರ. ನಾವು ಪರೀಕ್ಷೆಯಲ್ಲಿ ಸದ್ದನ್ನು ಏರಿಸಿ ಇಳಿಸುವುದೇ 5 ಡೆಸಿಬಲ್ ಮೆಟ್ಟಿಲಲ್ಲಿ. ಫೋನಿನಲ್ಲಿ ಗೊತ್ತಾಗುವಷ್ಟು ಅಂತರಕ್ಕೆ ಬೇರೆ ಕಾರಣವಿರಲೇಬೇಕು.

ಉಳುವಾಗ ನೀವು ಬಲಭುಜದ ಮೇಲಿಂದ ಹಿಂದಿನ ನೇಗಿಲನ್ನು ನೋಡುತ್ತೀರಲ್ಲವೇ? ಆಗ ಎಡಗಿವಿ ನೇರ ಇಂಜಿನ್ನಿಗೆ ಎದುರಾಗುತ್ತದೆ, ಬಲಗಿವಿಗೆ ತಲೆಯೇ ಮರೆಯಾಗುತ್ತದೆ. ಹೀಗೆ ವರ್ಷಗಟ್ಟಲೆ ಸದ್ದು ಬಿದ್ದ ಕಿವಿ ಮೊದಲು 4000 ಹರ್ಟ್ಜ್ ಆಸುಪಾಸಿನಲ್ಲಿ ಸೋಲುತ್ತದೆ. ಮುಂದೆ ಅದು ಮಾತಿಗೂ ತಟ್ಟಿ, ಸಕಾರ ಜಾರಿಹೋಗಿ, ‘ಸಕ್ಕರೆ’ ಎಂದದ್ದು ‘ಅಕ್ಕರೆ’ ಎಂದು ಕೇಳಿಸತೊಡಗುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿ ಆಡಿಯೋಗ್ರಾಂ, ಅಂದರೆ ಶ್ರವಣಶಕ್ತಿಯ ನಕ್ಷೆ, ಮಾಡಿಸಿ. ನಕ್ಷೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತಿರುತ್ತದೆ. ಎರಡರ ನಡುವೆ 15 ಡೆಸಿಬಲ್‌ಗೂ ಹೆಚ್ಚು ಅಂತರವಿದ್ದರೆ, ಟ್ರ್ಯಾಕ್ಟರನ್ನೇ ದೂರದೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ. ಶ್ರವಣ ನರದ ಗಂಟು ಅಪರೂಪವಾದರೂ ಹೀಗೆಯೇ ಶುರುವಾಗಬಹುದು. ಒಂದು ಕಿವಿ ದಿಢೀರನೆ ಮಂದವಾದರೆ ಅದೇ ದಿನ ಹೊರಡಿ. ಉಳುಮೆಗೆ ಹೋಗುವಾಗ ಎರಡೂ ಕಿವಿಗೆ ಇಯರ್ ಮಫ್ ಹಾಕಿಕೊಳ್ಳಿ. ತುರುಕಿದ ಹತ್ತಿ ಆ ಸದ್ದನ್ನು ತಡೆಯುವುದಿಲ್ಲ.